ಎಣ್ಣೆ ಹಚ್ಚುವ ಮೊದಲು ತೇವ ನೋಡಿ

(ಶಿವಮೊಗ್ಗದಲ್ಲಿ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಚರ್ಮದ ಕಾಯಿಲೆ ಅಂದ ಕೂಡಲೇ ನಮ್ಮ ಕಡೆ ಬರುವ ಪ್ರಶ್ನೆ ಒಂದೇ: ಯಾವ ಎಣ್ಣೆ ಹಚ್ಚಬೇಕು? ಉತ್ತರ ಕೊಡುವ ಮೊದಲು ನಾವು ತಿರುಗಿ ಕೇಳಬೇಕಾಗುತ್ತದೆ, ನಿಮ್ಮದು ಒಣಗಿದ ಕಾಯಿಲೆಯೋ, ತೇವದ ಕಾಯಿಲೆಯೋ ಎಂದು. ತುರಿಕೆ ಎರಡರಲ್ಲೂ ಇದೆ, ಕೆಂಪು ಎರಡರಲ್ಲೂ ಇದೆ. ಆದರೆ ಸೋರಿಯಾಸಿಸ್‌ಗೆ, ಒಣ ಇಸುಬಿಗೆ (ಎಕ್ಸಿಮಾಗೆ), ಒಡೆದ ಹಿಮ್ಮಡಿಗೆ ಹಿತವಾದ ಎಣ್ಣೆಯನ್ನೇ ತೊಡೆಸಂದಿನ ಹುಳಕಡ್ಡಿಗೆ ಹಚ್ಚಿದರೆ ಕಳೆಗೆ ಗೊಬ್ಬರ ಹಾಕಿದ ಹಾಗೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ಮಲೆನಾಡಿನಲ್ಲಿ ಇದು ಹೆಚ್ಚು ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಇದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರದ ಮನೆಗಳಲ್ಲಿ ಹಾಕಿಕೊಳ್ಳುವ ಬಟ್ಟೆ ಪೂರ್ತಿ ಒಣಗಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಅದೇ ಮನೆಯವರ ಕಾಲಿನ ಚರ್ಮ ಬೂದಿ ಬಳಿದಂತೆ ಬಿರಿಯುತ್ತದೆ. ಆರು ತಿಂಗಳ ಅಂತರದಲ್ಲಿ ಒಬ್ಬರದ್ದೇ ಮೈ ಎರಡು ಬೇರೆ ಬೇರೆ ಉಪಚಾರ ಕೇಳುತ್ತದೆ. ಕಳೆದ ಚಳಿಗಾಲದಲ್ಲಿ ಗುಣ ಕಂಡ ಬಾಟಲಿಯನ್ನೇ ಆಷಾಢದಲ್ಲಿ ತೆಗೆದು ಹಚ್ಚುವುದು ಎಡವುವ ಮೊದಲ ಜಾಗ.

ಗುರುತು ಹಿಡಿಯುವುದನ್ನು ಚುರುಕಾಗಿ ಹೇಳಿಬಿಡುತ್ತೇವೆ. ಉಂಗುರದಂತೆ ಹರಡುತ್ತಾ, ಅಂಚು ಉಬ್ಬಿ, ನಡುವೆ ತಿಳಿಯಾಗುತ್ತಾ ಹೋದರೆ ಅದು ಶಿಲೀಂಧ್ರ, ಅಂದರೆ ಹುಳಕಡ್ಡಿ. ಮೊಣಕೈ, ಮೊಣಕಾಲಿನ ಮೇಲೆ, ತಲೆಯ ಕೂದಲಂಚಿನಲ್ಲಿ ದಪ್ಪ ಬಿಲ್ಲೆಯಾಗಿ ಬೆಳ್ಳಿಬಣ್ಣದ ಹೊಪ್ಪಳೆ ಉದುರಿದರೆ, ಉಗುರಿನಲ್ಲಿ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಸೋರಿಯಾಸಿಸ್ ಇರಬಹುದು. ಮೊಣಕೈಯ ಒಳಮಡಿಕೆ, ಮಂಡಿಯ ಹಿಂದೆ ಕೆರೆದು ಕೆರೆದು ಚರ್ಮ ತೊಗಲಿನಂತಾಗಿದ್ದರೆ ಇಸುಬು. ಬೆರಳ ಸಂದಿನಲ್ಲಿ ತುರಿಕೆ, ರಾತ್ರಿ ಜಾಸ್ತಿ, ಮನೆಯಲ್ಲಿ ಇನ್ನಿಬ್ಬರಿಗೂ ಇದೆ ಅಂದರೆ ಕಜ್ಜಿ. ಅದಕ್ಕೆ ಸೊಪ್ಪು ಹುಡುಕುತ್ತಾ ಕೂರಬೇಡಿ. ವೈದ್ಯರು ಕೊಡುವ ಪರ್ಮೆಥ್ರಿನ್ 5% ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಕಾಲ್ಬೆರಳವರೆಗೆ ಹಚ್ಚಿಕೊಂಡು, ವಾರ ಬಿಟ್ಟು ಇನ್ನೊಮ್ಮೆ ಹಚ್ಚಬೇಕು. ಇನ್ನು ತುರಿಕೆಯೇ ಇಲ್ಲದ, ಬಣ್ಣ ಮಾಸಿದ, ಹತ್ತಿಯ ಎಳೆ ತಾಗಿಸಿದರೂ ಗೊತ್ತಾಗದ ಮಚ್ಚೆ ಇದ್ದರೆ ಯಾವ ಮನೆಮದ್ದೂ ಬೇಡ. ಅದು ಕುಷ್ಠವಾಗಿರಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ, ಬೇಗ ಶುರುವಾದರೆ ಕೈಕಾಲಿನ ನರಗಳು ಉಳಿಯುತ್ತವೆ.

ಮೊದಲು ಒಣ ಕಾಯಿಲೆ. ಇಲ್ಲಿ ತಪ್ಪು ನಡೆಯುವುದು ಔಷಧಿಯ ಡಬ್ಬಿಯಲ್ಲಲ್ಲ, ಬಚ್ಚಲಿನಲ್ಲಿ. ಹಂಡೆ ತುಂಬಾ ಕುದಿಯುವ ನೀರು, ಬಚ್ಚಲೊಲೆಯ ಶಾಖ, ಹೊರಗೆ ಜಡಿಮಳೆ. ಅರ್ಧ ಗಂಟೆ ಸುಡುನೀರು ಹೊಯ್ದುಕೊಳ್ಳುವ ಸುಖ ಯಾರಿಗೆ ಬೇಡ? ತುರಿಸುವ ಜಾಗಕ್ಕೆ ಬಿಸಿನೀರು ಬಿದ್ದ ಆ ಕ್ಷಣ ಹಾಯೆನಿಸುವುದೂ ನಿಜ. ಆದರೆ ಚರ್ಮದ ಮೇಲ್ಪದರದ ಜೀವಕೋಶಗಳನ್ನು ಹಿಡಿದಿಡುವ ಜಿಡ್ಡು ಆ ನೀರಿನಲ್ಲೇ ಕರಗಿ ಹೋಗುತ್ತದೆ, ಒಂದು ಗಂಟೆಯೊಳಗೆ ತುರಿಕೆ ಇಮ್ಮಡಿಯಾಗಿ ಬರುತ್ತದೆ. ನೀರು ಮೊಣಕೈಗೆ ಉಗುರುಬೆಚ್ಚಗಿರಲಿ, ಸ್ನಾನ ಐದರಿಂದ ಹತ್ತು ನಿಮಿಷಕ್ಕೆ ಮುಗಿಯಲಿ. ಸಾಮಾನ್ಯ ಸೋಪಿನ ಪಿ.ಎಚ್. (ಹುಳಿ-ಕ್ಷಾರದ ಅಳತೆ) 9ರಿಂದ 10, ಚರ್ಮದ್ದು ಸುಮಾರು 5. ಹಾಗಾಗಿ ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಉಳಿದ ಮೈಗೆ ಮತ್ತಿಸೊಪ್ಪಿನ ಇಲ್ಲವೇ ದಾಸವಾಳದ ಎಲೆಯ ಗೊಂಪು, ಅಂದರೆ ಲೋಳೆರಸ, ಚೆನ್ನಾಗಿ ನಡೆಯುತ್ತದೆ. ಒಂದು ಹಿಡಿ ಎಲೆಯನ್ನು ಎರಡು ಲೋಟ ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಆಗಿಂದಾಗಲೇ ಬಳಸಿ. ಸೀಗೆಪುಡಿಯ ತರಿ ಬಿರಿದ ಚರ್ಮವನ್ನು ಗೀರುತ್ತದೆ. ಸೋರಿಯಾಸಿಸ್ ಇದ್ದವರಿಗೆ ಅದು ಇನ್ನೂ ಕೆಟ್ಟದ್ದು: ಗೀರಿದ, ಉಜ್ಜಿದ ಜಾಗದಲ್ಲೇ ಹೊಸ ಬಿಲ್ಲೆ ಏಳುವುದು ಆ ಕಾಯಿಲೆಯ ಸ್ವಭಾವ.

ಸ್ನಾನವಾದ ಮೇಲೆ ಮೈ ಒರೆಸುವುದೂ ಒತ್ತಿ ಒರೆಸುವುದೇ, ಉಜ್ಜುವುದಲ್ಲ. ಮೈ ಇನ್ನೂ ಪಸೆಯಿರುವಾಗ, ಮೂರು ನಿಮಿಷದೊಳಗೆ, ಜಿಡ್ಡು ಹಚ್ಚಬೇಕು. ಎಣ್ಣೆ ನೀರನ್ನು ತಂದುಕೊಡುವುದಿಲ್ಲ, ಇದ್ದ ನೀರನ್ನು ಹಿಡಿದಿಡುತ್ತದೆ ಅಷ್ಟೇ. ಪೂರ್ತಿ ಒಣಗಿದ ಮೈಗೆ ಸಂಜೆ ಎಣ್ಣೆ ತಿಕ್ಕಿಕೊಂಡು "ಏನೂ ಪ್ರಯೋಜನ ಆಗಲಿಲ್ಲ" ಅನ್ನುವವರೇ ಹೆಚ್ಚು. ಪ್ರಮಾಣದಲ್ಲೂ ಜಿಪುಣತನ ಬೇಡ. ಮೈಯೆಲ್ಲ ಒಣಗಿರುವ ದೊಡ್ಡವರಿಗೆ ವಾರಕ್ಕೆ 250 ಗ್ರಾಂ ಮುಲಾಮು ಹಿಡಿಯುತ್ತದೆ. ಅದೇ ವೈದ್ಯರು ಬರೆದ ಔಷಧಿಯ ಮುಲಾಮಾದರೆ ತೋರುಬೆರಳ ತುದಿಯ ಗೆಣ್ಣಿನುದ್ದಕ್ಕೆ ಹಿಂಡಿದ್ದು ಅರ್ಧ ಗ್ರಾಂ, ಎರಡು ಅಂಗೈಯಗಲದ ಜಾಗಕ್ಕೆ ಅಷ್ಟೇ ಲೆಕ್ಕ.

ಈಗ ಎಣ್ಣೆಗಳಿಗೆ ಬರೋಣ. ತುರಿಕೆಯ ಒಣ ಇಸುಬಿಗೆ ನಾವು ಮೊದಲು ಹೇಳುವುದು ಗರಿಕೆಯ ಎಣ್ಣೆ. ಕೇರಳದ ವೈದ್ಯರಲ್ಲಿ ದೂರ್ವಾದಿ ಕೇರ ತೈಲ ಎಂದೇ ಪ್ರಸಿದ್ಧ. ಕೊಬ್ಬರಿ ಎಣ್ಣೆ 250 ಮಿಲಿ, ಗರಿಕೆ ರಸ ಒಂದು ಲೀಟರ್, ಜ್ಯೇಷ್ಠಮಧುವಿನ ಪುಡಿ 30 ಗ್ರಾಂ. ಎಣ್ಣೆಯ ನಾಲ್ಕು ಪಾಲು ರಸ, ಎಂಟನೇ ಒಂದು ಪಾಲು ಕಲ್ಕ (ಮದ್ದಿನ ಮುದ್ದೆ) ಎಂಬುದು ಶಾಸ್ತ್ರದ ಅಳತೆ. ರಸದ ಬದಲು ಬರೀ ನೀರಿನಲ್ಲಿ ಕಾಯಿಸುವುದಾದರೆ ಕಲ್ಕ ಕಾಲು ಪಾಲಿಗೆ ಏರುತ್ತದೆ. ಗರಿಕೆಯನ್ನು ರಸ್ತೆ ಬದಿಯಿಂದಾಗಲೀ, ಕಳೆನಾಶಕ ಹೊಡೆದ ತೋಟದಿಂದಾಗಲೀ ತರಬೇಡಿ. ಮೂರು ನೀರಿನಲ್ಲಿ ತೊಳೆದು, ಸ್ವಲ್ಪ ನೀರು ಚಿಮುಕಿಸಿ ಅರೆದು, ಬಟ್ಟೆಯಲ್ಲಿ ಹಿಂಡಿ. ಪಾತ್ರೆ ಸ್ಟೀಲಿನದ್ದೋ ಕಂಚಿನದ್ದೋ ಇರಲಿ, ಒಟ್ಟು ಅಳತೆಯ ಎರಡರಷ್ಟು ದೊಡ್ಡದಿರಲಿ. ನೊರೆ ಉಕ್ಕಿ ಒಲೆಗೆ ಬಿದ್ದರೆ ಬೆಂಕಿ ಹತ್ತುತ್ತದೆ. ಜ್ಯೇಷ್ಠಮಧುವನ್ನು ನೀರಿನಲ್ಲಿ ಕಲಸಿ ಮುದ್ದೆ ಮಾಡಿ ಹಾಕಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಾ ಇರಿ. ಮೂರು ನಾಲ್ಕು ಗಂಟೆ ಬೇಕು. ಅವಸರಕ್ಕೆ ಉರಿ ಜೋರು ಮಾಡಿದರೆ ಮೇಲೆ ನೀರು, ತಳದಲ್ಲಿ ಕರಿ.

ಹದ ನೋಡುವುದೇ ಇದರ ಜೀವ. ತಳದ ಗಸಿಯನ್ನು ಚಮಚದಲ್ಲಿ ತೆಗೆದು, ಆರಿಸಿ, ಬೆರಳುಗಳ ನಡುವೆ ಹೊಸೆಯಿರಿ. ಬತ್ತಿಯಂತೆ ಉರುಳಬೇಕು, ಬೆರಳಿಗೆ ಮೆತ್ತಬಾರದು. ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಪಟ ಸದ್ದು ಬರಬಾರದು. ಸದ್ದು ಬಂದರೆ ಒಳಗೆ ನೀರು ಉಳಿದಿದೆ ಎಂದರ್ಥ. ಎಣ್ಣೆಯಾದರೆ ಹದ ಬರುವಾಗ ನೊರೆ ಏಳುತ್ತದೆ, ತುಪ್ಪವಾದರೆ ನೊರೆ ಇಳಿಯುತ್ತದೆ. ಆ ಕೂಡಲೇ ಇಳಿಸಿ ಸೋಸಬೇಕು, ಗಸಿ ಕರಿಮರಳಿನಂತೆ ಗರಿಗರಿಯಾದರೆ ಕೆಟ್ಟಿತು. ಮಳೆಗಾಲದಲ್ಲಿ ಮನೆ ಎಣ್ಣೆ ಕಮಟು ಹಿಡಿಯುವುದಕ್ಕೆ, ಮೇಲೆ ಬೂಷ್ಟು ಕಟ್ಟುವುದಕ್ಕೆ ಉಳಿದ ನೀರೇ ಕಾರಣ. ಒದ್ದೆ ಕೈ ಬಾಟಲಿಯೊಳಗೆ ಹೋಗಬಾರದು. ಬಾಯಿ ಚಿಕ್ಕದಿರುವ ಗಾಜಿನ ಬಾಟಲಿಯಲ್ಲಿಟ್ಟು ಬೇಕಾದಷ್ಟೇ ಅಂಗೈಗೆ ಬಗ್ಗಿಸಿಕೊಳ್ಳಿ.

ಸೋರಿಯಾಸಿಸ್‌ಗೆ ಹೆಸರಾದದ್ದು ಬೆಪ್ಪಾಲೆಯ ಎಲೆ. ಶಿಕಾರಿಪುರ, ಭದ್ರಾವತಿ ಕಡೆಯ ಒಣಕಾಡಿನ ಮರ. ಇದನ್ನು ಹಾಲೆ ಎಂದೂ ಕರೆಯುವುದರಿಂದ ಏಳೆಲೆಯ ಮದ್ದಾಲೆಯ ಜೊತೆ ಗೊಂದಲವಾಗುತ್ತದೆ. ಬೆಪ್ಪಾಲೆಗೆ ಎಲೆ ಎದುರುಬದುರು ಎರಡೆರಡು, ಕೋಡು ಜೋಡಿಯಾಗಿದ್ದು ತುದಿಯಲ್ಲಿ ಕೂಡಿಕೊಂಡಿರುತ್ತದೆ. ಮದ್ದಾಲೆಗೆ ಒಂದೇ ಗಿಣ್ಣಿನಲ್ಲಿ ಛತ್ರಿಯಂತೆ ಏಳೆಂಟು ಎಲೆ. 100 ಗ್ರಾಂ ಎಲೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಕೈಯಿಂದಲೇ ಹರಿದು, ಅರ್ಧ ಲೀಟರ್ ಕೊಬ್ಬರಿ ಎಣ್ಣೆಗೆ ಹಾಕಿ ಐದಾರು ದಿನ ಬಿಸಿಲಿಗಿಡಿ. ಎಣ್ಣೆ ನೇರಳೆ ಬಣ್ಣಕ್ಕೆ ತಿರುಗಿದ ಮೇಲೆ ಸೋಸಿ. ಇದಕ್ಕೆ ಮಾರ್ಚ್‌ನಿಂದ ಮೇ ಕಾಲ. ಮೋಡದಲ್ಲಿ ಇಟ್ಟರೆ ಬಣ್ಣವೂ ಬಿಡುವುದಿಲ್ಲ, ಎಲೆ ಕೊಳೆಯುತ್ತದೆ. ಈ ಎಣ್ಣೆ ಹೊಪ್ಪಳೆಯನ್ನು ಮೆದು ಮಾಡುತ್ತದೆ, ತುರಿಕೆ ಇಳಿಸುತ್ತದೆ. ಕಾಯಿಲೆಯ ಬೇರು ಇರುವುದು ದೇಹದ ರೋಗನಿರೋಧಕ ವ್ಯವಸ್ಥೆಯಲ್ಲಿ, ಅಲ್ಲಿಯವರೆಗೆ ಎಣ್ಣೆ ಹೋಗುವುದಿಲ್ಲ.

ಹಿಮ್ಮಡಿಗೆ ಮಾತ್ರ ನಮ್ಮೂರಿನ ಮುರುಗಲು ತುಪ್ಪವನ್ನು ಮೀರಿಸಿದ್ದು ಕಾಣೆವು. ಬೀಜ ಒಣಗಿಸಿ, ಸಿಪ್ಪೆ ತೆಗೆದು, ಕುಟ್ಟಿ, ನೀರಿನಲ್ಲಿ ಕುದಿಸಿ ಮೇಲೆ ತೇಲಿದ್ದನ್ನು ತೆಗೆಯುವ ಆ ಬಿಳಿ ಗಟ್ಟಿ ಜಿಡ್ಡು ಸುಮಾರು 40 ಡಿಗ್ರಿಗೆ ಕರಗುತ್ತದೆ. ಹಾಗಾಗಿ ಹಚ್ಚಿದ ಮೇಲೂ ಹರಿದುಹೋಗದೆ ಬಿರುಕಿನಲ್ಲೇ ಕೂರುತ್ತದೆ. ಬರೀ ತುಪ್ಪ ಕಲ್ಲಿನಂತೆ ಗಟ್ಟಿ; ಎರಡು ಪಾಲಿಗೆ ಒಂದು ಪಾಲು ಕೊಬ್ಬರಿ ಎಣ್ಣೆ ಸೇರಿಸಿ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ಇಳಿಬಿಟ್ಟು, ಒತ್ತಿ ಒರೆಸಿ, ಬಿರುಕು ತುಂಬಿಸಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಬ್ಲೇಡಿನಲ್ಲಿ ಕೆತ್ತಬೇಡಿ. ಮೂರು ವಾರ ಹಚ್ಚಿಯೂ ಒಂದೇ ಪಾದ ಮಾತ್ರ ಬಿಳಿಪುಡಿ ಉದುರಿಸುತ್ತಿದ್ದರೆ ಅದು ಒಣಗಿದ್ದಲ್ಲ, ಶಿಲೀಂಧ್ರ.

ಸೋರುವ ಇಸುಬಿಗೆ ಎಣ್ಣೆ ಬೇಡವೇ ಬೇಡ. ನೀರು ಒಸರುವ ಗಾಯದ ಮೇಲೆ ಎಣ್ಣೆ ಹಚ್ಚಿದರೆ ಕೀವಾಗುತ್ತದೆ. ಅಲ್ಲಿ ಒಗರು ಬೇಕು. ಆಲ, ಅತ್ತಿ, ಅರಳಿ, ಬಸರಿ, ಇವುಗಳಲ್ಲಿ ಸಿಕ್ಕ ತೊಗಟೆ 50 ಗ್ರಾಂ ಜಜ್ಜಿ, ಎರಡು ಲೀಟರ್ ನೀರಿಗೆ ಹಾಕಿ ಒಂದು ಲೀಟರಿಗೆ ಇಳಿಸಿ. ಪೂರ್ತಿ ಆರಿಸಿ, ನಾಲ್ಕು ಮಡಿಕೆಯ ಹಳೆಯ ಹತ್ತಿಬಟ್ಟೆಯಲ್ಲಿ ಸೋಸಿ. ಇನ್ನೊಂದು ಬಟ್ಟೆಯನ್ನು ಅದರಲ್ಲಿ ಅದ್ದಿ ಹನಿ ತೊಟ್ಟಿಕ್ಕದಷ್ಟು ಹಿಂಡಿ, ಹದಿನೈದು ನಿಮಿಷ ಗಾಯದ ಮೇಲಿಡಿ, ದಿನಕ್ಕೆ ಮೂರು ಸಲ. ಎರಡು ಮೂರು ದಿನದಲ್ಲಿ ಸೋರುವುದು ನಿಲ್ಲುತ್ತದೆ. ನಿಂತ ದಿನವೇ ಇದನ್ನೂ ನಿಲ್ಲಿಸಿ, ಇಲ್ಲವಾದರೆ ಚರ್ಮ ಬಿರಿಯುತ್ತದೆ. ಕಷಾಯ ಆಯಾ ದಿನದ್ದೇ ಇರಬೇಕು. ತೊಗಟೆ ಸಿಗದಿದ್ದರೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಅದ್ದಿದರೂ ಕೆಲಸ ನಡೆಯುತ್ತದೆ.

ಇನ್ನು ಹುಳಕಡ್ಡಿ. ಚಿಕ್ಕದಾಗಿ ಒಂದೆರಡು ಉಂಗುರವಿದ್ದರೆ ಸೀಮೆ ಅಗಸೆಯ ಎಲೆ, ಇಲ್ಲವೇ ಮೊದಲ ಮಳೆಗೆ ಹಿತ್ತಲ ತುಂಬಾ ಏಳುವ ಚಗಟೆ ಗಿಡದ ಎಲೆ ಅರೆದು ಹಚ್ಚುವ ರೂಢಿಯಿದೆ. ಸೀಮೆ ಅಗಸೆಯಲ್ಲಿ ಶಿಲೀಂಧ್ರವನ್ನು ತಡೆಯುವ ಅಂಶಗಳಿರುವುದು ನಿಜ. ಜೊತೆಗೆ ನಿಂಬೆರಸ ಸೇರಿಸುವ ರೂಢಿಯನ್ನು ಮಾತ್ರ ಬಿಡಿ, ಅದು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಉಂಗುರದ ಅಂಚಿನಿಂದ ಒಂದು ಬೆರಳಗಲ ಆಚೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ತೊಡೆ, ಸೊಂಟ, ಬೆನ್ನಿಗೆ ಹರಡಿದ್ದರೆ ಸೊಪ್ಪಿನಿಂದ ಆಗುವುದಲ್ಲ, ಮಾತ್ರೆ ಬೇಕು.

ಸೊಪ್ಪಿಗಿಂತ ಮುಖ್ಯ ಬಟ್ಟೆ. ಒಳಉಡುಪು ಬಿಸಿನೀರಿನಲ್ಲಿ ತೊಳೆದು, ಬಚ್ಚಲೊಲೆಯ ಮೇಲಿನ ತಂತಿಯಲ್ಲಿ ಒಣಗಿಸಿ, ಹೊಲಿಗೆಯ ಮೇಲೆ ಇಸ್ತ್ರಿ ಎಳೆಯಿರಿ. ಒಣಗದೆ ಉಳಿಯುವುದು ಹೊಲಿಗೆಯೇ. ಮೈವಸ್ತ್ರ ಒಬ್ಬೊಬ್ಬರಿಗೆ ಒಂದೊಂದು. ಮನೆಯಲ್ಲಿ ಮತ್ತೊಬ್ಬರಿಗೆ ಇದ್ದು ಅವರು ಚಿಕಿತ್ಸೆ ಪಡೆಯದಿದ್ದರೆ ನಿಮ್ಮದು ತಿರುತಿರುಗಿ ಬರುತ್ತದೆ. ಗಂಬೂಟು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ನಾಟಿಗೆ ಇಳಿಯುವ ಹೆಂಗಸರು ಕಾಲ್ಬೆರಳ ಸಂದಿಗೆ ಮದರಂಗಿ ಅರೆದು ಹಚ್ಚಿಕೊಳ್ಳುವುದು ಒಳ್ಳೆಯ ಅಭ್ಯಾಸ, ಕೆಸರುಹುಣ್ಣು ಕಡಿಮೆಯಾಗುತ್ತದೆ. ಅದು ಹಿತ್ತಲಿನ ಗಿಡದ ಎಲೆಯೇ ಆಗಿರಲಿ. ಅಂಗಡಿಯ "ಕಪ್ಪು ಮೆಹಂದಿ"ಗೆ ಸೇರಿಸುವ ಕೂದಲ ಬಣ್ಣದ ರಾಸಾಯನಿಕ ಬೊಬ್ಬೆ ಏಳಿಸುತ್ತದೆ.

ತಲೆಹೊಟ್ಟಿನ ವಿಚಾರದಲ್ಲಿ ಬೈಸಿಕೊಳ್ಳುವ ಮಾತೊಂದು ಹೇಳಬೇಕು. ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆಯೂ ಜಿಡ್ಡುಜಿಡ್ಡು ಹೊಟ್ಟಿದ್ದರೆ ರಾತ್ರಿಯಿಡೀ ಕೊಬ್ಬರಿ ಎಣ್ಣೆ ಹಾಕಿ ಬಿಡಬೇಡಿ. ಅಲ್ಲಿ ಬೆಳೆಯುವ ಮಲಸ್ಸೀಜಿಯಾ ಎಂಬ ಶಿಲೀಂಧ್ರ ಬದುಕುವುದೇ ಎಣ್ಣೆಯ ಕೊಬ್ಬನ್ನು ತಿಂದು. ಎಣ್ಣೆ ಹಚ್ಚಲೇಬೇಕೆಂದರೆ ಅರ್ಧ ಗಂಟೆಯಲ್ಲಿ ತೊಳೆದುಬಿಡಿ.

ಕೈಯ ಇಸುಬು ಅಡಿಕೆ ಸೀಮೆಯ ಕಾಯಿಲೆ. ಹಸಿ ಅಡಿಕೆ ಸುಲಿಯುವಾಗ ಸಿಪ್ಪೆಯ ರಸ, ಬೇಯಿಸುವಾಗ ಚೊಗರಿನ (ಅಡಿಕೆ ಬೇಯಿಸಿದ ಗಟ್ಟಿ ನೀರಿನ) ಒಗರು, ಎರಡೂ ಕೈಯ ಜಿಡ್ಡನ್ನು ಎಳೆದು ಬಿರಿಸುತ್ತವೆ. ಬರೀ ರಬ್ಬರ್ ಕೈಗವಸು ಹಾಕಿದರೆ ಒಳಗೆ ಬೆವರಿ ಇನ್ನಷ್ಟು ಕೆಡುತ್ತದೆ. ಒಳಗೆ ತೆಳು ಹತ್ತಿಯದ್ದು, ಮೇಲೆ ರಬ್ಬರಿನದ್ದು ಹಾಕಿ, ಒಳಗಿನದ್ದು ಒದ್ದೆಯಾದಂತೆ ಬದಲಿಸಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರದ ಮೇಲಿರುವ ಕೊನೆಗೌಡರ (ಅಡಿಕೆ ಮರ ಹತ್ತುವ ಕೆಲಸಗಾರರ) ಕುತ್ತಿಗೆ, ಮುಂಗೈಗೆ ಅದು ಇಳಿಯುತ್ತಲೇ ಇರುತ್ತದೆ. ಕಾಲರ್ ಇರುವ ತುಂಬುತೋಳಿನ ಅಂಗಿ ಹಾಕಿ, ಕೆಲಸ ಮುಗಿದ ಕೂಡಲೇ ತಣ್ಣೀರಿನಲ್ಲಿ ತೊಳೆದು ಆ ಬಟ್ಟೆ ಬಿಚ್ಚಿಡಬೇಕು. ಸುಣ್ಣದ ಪುಡಿ ಮೈಮೇಲೆ ಬಿದ್ದರೆ ಮೊದಲು ಒಣಗಿದ್ದಾಗಲೇ ಕೊಡವಿ, ಆಮೇಲೆ ಧಾರಾಳವಾಗಿ ನೀರು ಸುರಿಯಿರಿ. ಕುತ್ತಿಗೆಯಲ್ಲಿ ಇಸುಬಿದ್ದವರು ಕಂಬಳಿಕೊಪ್ಪೆಯ ಕೆಳಗೆ ಹತ್ತಿಯ ಟವೆಲು ಸುತ್ತಿಕೊಂಡರೆ ಉಣ್ಣೆ ಚುಚ್ಚುವುದು ತಪ್ಪುತ್ತದೆ.

ಸುಡುವ ಮದ್ದುಗಳ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇವೆ. ಚಿತ್ರಮೂಲದ ಬೇರು, ಕರಿಗೇರಿನ ಎಣ್ಣೆ, ಹಸಿ ಬೆಳ್ಳುಳ್ಳಿ ಅರೆದು ಕಟ್ಟುವುದು, ಮೈಲುತುತ್ತ, ಸೀಮೆಎಣ್ಣೆ, ಇವುಗಳಿಂದ "ರೋಗ ಹೊರಗೆ ಬರುತ್ತದೆ" ಅನ್ನುತ್ತಾರೆ. ಹೊರಗೆ ಬರುವುದು ಸುಟ್ಟ ಬೊಬ್ಬೆ. ಚರಕದ ಕುಷ್ಠಘ್ನ ಗಣದಲ್ಲಿ ಕರಿಗೇರು, ಕಣಗಿಲೆ ಇರುವುದು ನಿಜ, ಆದರೆ ಅವು ಶುದ್ಧಿ ಮಾಡಿ, ವೈದ್ಯರ ಕಣ್ಣಳತೆಯಲ್ಲಿ ಕೊಡುವಂಥವು. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲಿಗೆ ನಿಲ್ಲುವುದೂ ಹಾಗೆಯೇ. ಅದರಲ್ಲಿರುವ ಸೋರಾಲೆನ್ ಬಿಸಿಲಿನ ಜೊತೆ ಸೇರಿ ಬಣ್ಣ ತರಿಸುತ್ತದೆ, ಲೆಕ್ಕ ತಪ್ಪಿದರೆ ಅದೇ ಜಾಗವನ್ನು ಸುಡುತ್ತದೆ. ತೋಟದ ಇಂಬಳವನ್ನು (ನೆಲದ ಜಿಗಣೆಯನ್ನು) ಇಸುಬಿಗೆ ಹತ್ತಿಸುವವರೂ ಇದ್ದಾರೆ! ಆಯುರ್ವೇದ ಹೇಳುವುದು ನೀರಿನ ಜಿಗಣೆಯನ್ನು, ಅದೂ ನುರಿತವರ ಕೈಯಲ್ಲಿ.

ಇದಕ್ಕಿಂತ ದೊಡ್ಡ ಅಪಾಯ ಹಿತವಾಗಿರುವ ಮದ್ದುಗಳದ್ದು. ಹೆಸರಿಲ್ಲದ ಡಬ್ಬಿಯ "ಗಿಡಮೂಲಿಕೆ" ಮುಲಾಮು ಎರಡೇ ದಿನಕ್ಕೆ ಪವಾಡ ತೋರಿಸಿ, ಬಿಟ್ಟ ವಾರಕ್ಕೆ ಇಮ್ಮಡಿಯಾದರೆ ಒಳಗೆ ಸ್ಟೀರಾಯ್ಡ್ ಇದೆ ಎಂದು ಅನುಮಾನಿಸಿ. ಚೀಟಿಯಿಲ್ಲದೆ ಕೊಳ್ಳುವ, ಕ್ಲೋಬೆಟಾಸೋಲ್ ಎಂಬ ಕಡು ಸ್ಟೀರಾಯ್ಡ್ ಬೆರಕೆಯ ಟ್ಯೂಬುಗಳದ್ದೂ ಇದೇ ಕಥೆ. ಹುಳಕಡ್ಡಿಯ ಕೆಂಪು ಇಳಿಯುತ್ತದೆ, ಶಿಲೀಂಧ್ರ ಒಳಗೊಳಗೇ ಹರಡಿ ಗುರುತು ಸಿಗದಂತಾಗುತ್ತದೆ, ತೊಡೆಯಲ್ಲಿ ಚರ್ಮ ತೆಳುವಾಗಿ ಬರೆ ಬೀಳುತ್ತದೆ. ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ, ಬ್ಯಾಚ್, ತಯಾರಿಸಿದ ದಿನಾಂಕ, ಒಳಗಿರುವ ಪದಾರ್ಥ, ಈ ನಾಲ್ಕೂ ಇಲ್ಲದಿದ್ದರೆ ಕೊಳ್ಳಬೇಡಿ. ಹೊಟ್ಟೆಗೆ ತೆಗೆದುಕೊಳ್ಳುವುದಕ್ಕೆ ಇನ್ನೂ ಎಚ್ಚರ ಬೇಕು. ಸೊಗದೆಬೇರಿನ ಪಾನಕ ಕುಡಿಯಿರಿ, ತೊಂದರೆಯಿಲ್ಲ. ಆದರೆ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದವರಲ್ಲಿ ಯಕೃತ್ತಿನ ಉರಿಯೂತ ವರದಿಯಾಗಿದೆ. ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ನುಂಗುವವರು ಯಾವ ಕಷಾಯವನ್ನೂ ವೈದ್ಯರಿಗೆ ಹೇಳದೆ ಕುಡಿಯಬಾರದು. ಆ ಮಾತ್ರೆ ವಾರಕ್ಕೊಮ್ಮೆಯದ್ದು. ದಿನಾ ನುಂಗಿದರೆ ಪ್ರಾಣಕ್ಕೆ ಅಪಾಯ.

ನಂಜಿನ ಪಟ್ಟಿ ಎಲ್ಲರ ಮನೆಯಲ್ಲೂ ಇದೆ: ಬದನೆ, ಮೀನು, ಮೊಟ್ಟೆ, ಕಡಲೆಕಾಯಿ. ಎಲ್ಲವನ್ನೂ ಒಟ್ಟಿಗೆ ಬಿಡಿಸಿ ಮಗು ಸೊರಗುವುದನ್ನು ನೋಡುತ್ತಿದ್ದೇವೆ. ಅನುಮಾನ ಬಂದ ಒಂದೇ ಪದಾರ್ಥವನ್ನು ಮೂರು ವಾರ ಬಿಡಿ, ಮತ್ತೆ ತಿಂದು ನೋಡಿ. ಬಿಟ್ಟಾಗ ಇಳಿದು ತಿಂದಾಗ ಏರಿದರೆ ಮಾತ್ರ ಅದು ನಂಜು. ತಿಂದ ಕೂಡಲೇ ಮುಖ ಊದಿದ್ದು, ಉಸಿರು ಕಟ್ಟಿದ್ದು ಇದ್ದರೆ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬೇಡಿ. ಸೋರಿಯಾಸಿಸ್‌ನಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಮದ್ಯ, ಬೀಡಿ, ಸೊಂಟದ ಸುತ್ತಳತೆ. ತೂಕ ಇಳಿದರೆ ಬಿಲ್ಲೆಯೂ ಇಳಿಯುತ್ತದೆ. ಬದನೆಕಾಯಿ ಬಿಟ್ಟು ಸಂಜೆಯ ಕ್ವಾರ್ಟರ್ ಇಟ್ಟುಕೊಂಡರೆ ಪಥ್ಯವಾಗುವುದಿಲ್ಲ.

ಯಾವುದೇ ಹೊಸ ಎಣ್ಣೆಯನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ನಾಣ್ಯದಗಲ, ದಿನಕ್ಕೆರಡು ಸಲ, ಏಳು ದಿನ ಹಚ್ಚಿ ನೋಡಿ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 28 ದಿನ ಬೇಕು, ಆದ್ದರಿಂದ ಒಂದು ಮದ್ದಿಗೆ ಆರು ವಾರ ಸಮಯ ಕೊಡಿ, ಹತ್ತು ದಿನಕ್ಕೊಂದು ಬದಲಿಸಬೇಡಿ. ವಾರಕ್ಕೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ ಅದೇ ಜಾಗದ ಫೋಟೋ ತೆಗೆದಿಡಿ. ನಿಮ್ಮ ಅಂಗೈ ಬೆರಳು ಸೇರಿ ಮೈಯ ಶೇ. 1ರಷ್ಟು, ಹತ್ತು ಅಂಗೈ ಮೀರಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಚರ್ಮವೈದ್ಯರಲ್ಲಿಗೋ ಹೋಗಿ. ಬೆಳಿಗ್ಗೆ ಅರ್ಧ ಗಂಟೆ ಮೀರಿ ಗಂಟುಗಳು ಬಿಗಿದುಕೊಂಡಿದ್ದರೆ, ಮೈಯೆಲ್ಲ ಕೆಂಪಾಗಿ ಚಳಿ ಬಂದರೆ, ಇಸುಬಿನ ಮೇಲೆ ಒಮ್ಮೆಲೇ ನೋಯುವ ಗುಳ್ಳೆಗಳು ಎದ್ದು ಜ್ವರ ಬಂದರೆ ಅಂಗೈ ಲೆಕ್ಕ ಹಾಕುತ್ತಾ ಕೂರಬೇಡಿ, ಅವತ್ತೇ ಹೊರಡಿ.

ಸಭೆಯಿಂದ ಬಂದ ಎರಡು ಪ್ರಶ್ನೆ. ಮಂಗನ ಕಾಯಿಲೆಗೆಂದು ಆರೋಗ್ಯ ಇಲಾಖೆ ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಇಸುಬಿದ್ದವರು ಹಚ್ಚಬಹುದೇ ಎಂದು ಒಬ್ಬರು ಕೇಳಿದರು. ಕಾಡಿಗೆ ಹೋಗುವವರು ಅದನ್ನು ಬಿಡಬಾರದು. ಒಡೆದ, ಸೋರುವ ಜಾಗ ಬಿಟ್ಟು ಗಟ್ಟಿ ಚರ್ಮಕ್ಕೆ ಹಚ್ಚಿ, ಇಸುಬಿರುವ ಜಾಗವನ್ನು ತುಂಬುಬಟ್ಟೆಯಲ್ಲಿ ಮುಚ್ಚಿ, ಮನೆಗೆ ಬಂದ ಮೇಲೆ ತೊಳೆದು ನಿಮ್ಮ ಎಂದಿನ ಜಿಡ್ಡು ಹಚ್ಚಿಕೊಳ್ಳಿ.

ಮಗುವಿಗೆ ಬೇವಿನೆಣ್ಣೆ ಒಂದು ಚಮಚ ಕುಡಿಸಿದರೆ ರಕ್ತ ಶುದ್ಧವಾಗುತ್ತದೆಯಂತಲ್ಲ ಎಂಬುದು ಇನ್ನೊಂದು. ಬೇಡ. ಚಿಕ್ಕ ಮಕ್ಕಳಲ್ಲಿ ಅದು ವಾಂತಿ, ಫಿಟ್ಸ್ ತಂದು ಮಿದುಳಿಗೆ ಪೆಟ್ಟು ಕೊಟ್ಟ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ. ದೊಡ್ಡವರು ಮೈಗೆ ಹಚ್ಚುವುದಾದರೂ ಒಂದು ಚಮಚ ಬೇವಿನೆಣ್ಣೆಗೆ ಒಂಬತ್ತು ಚಮಚ ಕೊಬ್ಬರಿ ಎಣ್ಣೆ ಬೆರೆಸಿ, ಬಾಟಲಿಯನ್ನು ಮಕ್ಕಳ ಕೈಗೆಟುಕದ ಅಟ್ಟದ ಮೇಲಿಡಿ.